ಕಲಂ ಒಂಬತ್ತರ ಹುಸೇನಮ್ಮ

ಹೈದರಾಬಾದಿನ ಸರಕಾರಿ ಕಟ್ಟಡಗಳ ಬಾಗಿಲಲ್ಲಿರುವ ಶಿಲಾಫಲಕಗಳನ್ನು ನಿಂತು ಓದುವವರು ಕಡಿಮೆ. ಓದಿದವರಿಗೂ, ಅದನ್ನು ಮೊದಲು ಯಾರೋ ಒಬ್ಬರು ಕಾಗದದ ಮೇಲೆ ಅಳತೆ ಹಾಕಿ ಬರೆದಿರುತ್ತಾರೆ ಎಂಬುದು ಹೊಳೆಯುವುದಿಲ್ಲ. ನನ್ನ ಗೆಳೆಯ ಅಮರೇಶಪ್ಪನವರು ಮೂವತ್ತಾರು ವರ್ಷ ಮಾಡಿದ ಕೆಲಸಗಳಲ್ಲಿ ಅದೂ ಒಂದು. ಕಟ್ಟಡ ಕಟ್ಟಿಸುವ ಸರಕಾರಿ ವಿಭಾಗವೊಂದರಲ್ಲಿ ಅವರು ನಕ್ಷೆಗಾರರು. ನಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಶಿಲಾಫಲಕ ಮಾತ್ರ ಅವರ ಮೇಜಿಗೇ ಬರುತ್ತಿತ್ತು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಸಚಿವರ ಅಕ್ಷರಕ್ಕಿಂತ ಶಾಸಕರ ಅಕ್ಷರ ಎಷ್ಟು ಸಣ್ಣದಿರಬೇಕು, ಸಮಾರಂಭಕ್ಕೆ ಬಾರದ ಸಂಸದರ ಹೆಸರು ಬಿಟ್ಟರೆ ಏನು ಗಲಾಟೆಯಾಗುತ್ತದೆ, ಇದೆಲ್ಲ ಅವರಿಗೆ ಬಾಯಿಪಾಠ. ಒಮ್ಮೆ ಒಬ್ಬರ ಹೆಸರಿನ ಮುಂದಿನ 'ಶ್ರೀ' ಬಿಟ್ಟುಹೋಗಿ, ಕೂಡಿಸಿದ ಕಲ್ಲನ್ನೇ ಕೀಳಿಸಿ ಬೇರೆ ಹಾಕಿಸಿದ್ದರಂತೆ.

ನಾನು ಪ್ರಾಣೇಶ. ಸಚಿವಾಲಯದಲ್ಲಿ ಕಾನೂನು ಕರಡು ಬರೆಯುವ ಸೆಕ್ಷನ್ನಿನಲ್ಲಿದ್ದೇನೆ. ನಮ್ಮಜ್ಜ ರಾಯಚೂರಿನಿಂದ ನಿಜಾಮರ ಕಾಲದಲ್ಲೇ ಗುಮಾಸ್ತಿಕೆಗೆ ಬಂದವರು. ಅಮರೇಶಪ್ಪನವರ ತಂದೆ ಲಿಂಗಸೂಗೂರಿನ ಕಡೆಯಿಂದ ಸಿಕಂದರಾಬಾದಿನ ರೈಲ್ವೆ ಕೆಲಸಕ್ಕೆ ಬಂದವರು. ನಮ್ಮ ಪರಿಚಯವಾದದ್ದು ಮಾತ್ರ ಮೆಟ್ರೋದಲ್ಲಿ. ಅವರು ಉಪ್ಪಲ್‌ನಲ್ಲಿ ಹತ್ತುತ್ತಿದ್ದರು, ನಾನು ತಾರ್ನಾಕಾದಲ್ಲಿ. ಒಂದು ದಿನ ನನ್ನ ಪಕ್ಕ ನಿಂತಿದ್ದ ತೆಳ್ಳನೆಯ ಮನುಷ್ಯ ಫೋನಿನಲ್ಲಿ ಹೆಂಡತಿಗೆ, "ಬದನೀಕಾಯಿ ಈಗ ಹೆಚ್ಚಬ್ಯಾಡ, ಕಪ್ಪಾಗ್ತಾವು" ಎನ್ನುತ್ತಿದ್ದರು. ಆ ಗದ್ದಲದಲ್ಲಿ ನಮ್ಮ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. "ಎಣ್ಣಿಗಾಯಿ ಏನ್ರಿ?" ಎಂದೆ. ಆವತ್ತಿನಿಂದ ಅಮೀರ್‌ಪೇಟೆಯವರೆಗೆ ದಿನಾಲೂ ಜೊತೆ.

ಅವರು ಹೆಚ್ಚು ಮಾತಿನವರಲ್ಲ. ಮನೆಯಲ್ಲಿ ಹೆಂಡತಿ ಶಿವದೇವಿ, ಅವರಿಬ್ಬರೇ. ಮಗಳು ಶರ್ವರಿ ಮದುವೆಯಾಗಿ ಅಲ್ಲೇ ಎರಡು ಬೀದಿ ಆಚೆಗಿದ್ದಳು. ಕಚೇರಿಯಲ್ಲಿ ಅವರನ್ನು ಎಲ್ಲರೂ ಒಳ್ಳೆಯವರೆನ್ನುತ್ತಿದ್ದರು. ಯಾರೂ ಯಾವುದಕ್ಕೂ ಅವರ ಅಭಿಪ್ರಾಯ ಕೇಳುತ್ತಿರಲಿಲ್ಲ.

ನಿವೃತ್ತಿಗೆ ವರ್ಷದ ಮೇಲೆ ಸ್ವಲ್ಪ ಸಮಯವಿದ್ದಾಗ ಅವರಿಗೊಂದು ವಿಚಿತ್ರ ಕೆಲಸ ಬಂತು. ಶಾಸಕಿಯೊಬ್ಬರು ಸದನದಲ್ಲಿ ಎದ್ದು, ಸರಕಾರಿ ಕಟ್ಟಡಗಳ ಮುಂದೆ ಯಾರ ಪ್ರತಿಮೆಗಳಿವೆ, ಗೋಡೆಗಳ ಮೇಲೆ ಯಾರ ಹೆಸರುಗಳಿವೆ ಎಂದು ಲೆಕ್ಕ ಕೇಳಿದ್ದರು. ಹೆಂಗಸರು ಎಷ್ಟು, ದಲಿತರು ಎಷ್ಟು, ದುಡಿಯುವವರು ಎಷ್ಟು? ಉತ್ತರ ಯಾರ ಬಳಿಯೂ ಇರಲಿಲ್ಲ. ಎಣಿಸಿಕೊಂಡು ಬರಲು ಅಮರೇಶಪ್ಪನವರನ್ನು ಕಳಿಸಿದರು. ಮೂರು ತಿಂಗಳು ಅವರು ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ಅವಳಿ ನಗರದ ಕಚೇರಿ ಕಚೇರಿ ತಿರುಗಿದರು. ಒಟ್ಟು ಮುನ್ನೂರ ನಲವತ್ತು ಪ್ರತಿಮೆ. ಹೆಂಗಸರದು ಹತ್ತೊಂಬತ್ತು. ಅದರಲ್ಲಿ ಹನ್ನೆರಡು ದೇವಿಯರದು, ಇಲ್ಲವೇ ಮಾತೆಯರದು.

"ಕೂಲಿ ಮಂದೀದು?" ಎಂದು ಕೇಳಿದೆ.

"ಎರಡು ಅದಾವ್ರಿ. ಸುತ್ತಿಗಿ ಹಿಡದ ಗಂಡಸು ಒಂದು, ನಾಟಿ ಮಾಡೋ ಹೆಣ್ಮಗಳು ಒಂದು. ಹೆಸರಿಲ್ಲ."

ಆ ಲೆಕ್ಕ ಪತ್ರಿಕೆಗಳಲ್ಲಿ ಬಂದು ಸಾಕಷ್ಟು ಮಾತಾಯಿತು. ಸರಕಾರವೇ ಮಸೂದೆ ತರುವುದೆಂದಾಯಿತು. ಸರಕಾರಿ ಕಟ್ಟಡಗಳ ಮೇಲೆ, ಅವುಗಳ ಆವರಣದಲ್ಲಿ ಇನ್ನು ಮುಂದೆ ಇಡುವ ಸ್ಮಾರಕಗಳಲ್ಲಿ ಎಲ್ಲರಿಗೂ ಪಾಲಿರಬೇಕು ಎಂಬುದು ಅದರ ತಿರುಳು. ಕರಡು ಬರೆಯುವ ಕೆಲಸ ಸುತ್ತಿ ಸುತ್ತಿ ನನ್ನ ಮೇಜಿಗೆ ಬಂತು.

ಅದು ಗೊತ್ತಾದ ಮರುದಿನ ಅಮರೇಶಪ್ಪನವರು ಮೆಟ್ರೋದಲ್ಲಿ ನನ್ನ ತೋಳು ಹಿಡಿದುಕೊಂಡರು. ಹಾಗೆ ಮುಟ್ಟಿ ಮಾತಾಡುವ ಅಭ್ಯಾಸ ಅವರದಲ್ಲ.

"ಪ್ರಾಣೇಶರಾವ್, ಅದರಾಗ ಇನ್ನೊಂದು ಕಲಂ ಹಾಕಾಕ ಬರ್ತೈತೇನ್ರಿ?"

"ಯಾವುದರದು?"

"ಕಟ್ಟಡ ಕಟ್ಟೋ ಮುಂದ ಸತ್ತವರದು. ಅವರ ಹೆಸರು ಆ ಕಟ್ಟಡದ ಮ್ಯಾಲ ಇರಬೇಕು. ಮೂರ್ತಿ ಬ್ಯಾಡ. ಹೆಸರು ಸಾಕು."

"ಹಂಗ ಸತ್ತವರು ಭಾಳ ಮಂದಿ ಇದ್ದಾರೇನು?"

"ನನಗ ಗೊತ್ತಿದ್ದಾಕಿ ಒಬ್ಬಾಕಿ."

ಆಕೆಯ ವಿಷಯ ಅವರು ಎರಡು ಮೂರು ದಿನ, ತುಣುಕು ತುಣುಕಾಗಿ ಹೇಳಿದರು. ಎಂಬತ್ತೊಂಬತ್ತರ ಬೇಸಿಗೆ. ಅವರು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಸಿಕಂದರಾಬಾದಿನಲ್ಲಿ ನಾಲ್ಕಂತಸ್ತಿನ ಒಂದು ಸರಕಾರಿ ಕಚೇರಿ ಏಳುತ್ತಿತ್ತು. ಈಗಲೂ ಅಲ್ಲಿ ದಿನಕ್ಕೆ ಸಾವಿರ ಜನ ಹೋಗಿ ಬರುತ್ತಾರೆ. ಯಾವುದೆಂದು ನಾನು ಬರೆಯುವುದಿಲ್ಲ, ನಾನಿನ್ನೂ ನೌಕರಿಯಲ್ಲಿದ್ದೇನೆ. ಕೂಲಿಯವರೆಲ್ಲ ಗಡಿಯ ಪಾಲಮೂರು ಜಿಲ್ಲೆಯಿಂದ ಗುಳೆ ಬಂದವರು. ಒಂದು ದಿನ ತಗಡಿನ ಶೆಡ್ಡಿನಲ್ಲಿ ಅಮರೇಶಪ್ಪನವರ ನಕ್ಷೆಯ ಮೇಲೆ ಮಸಿ ಚೆಲ್ಲಿ, ಅವರು ಕನ್ನಡದಲ್ಲಿ ತಮ್ಮನ್ನೇ ಬೈದುಕೊಂಡರು. ಹೊರಗೆ ಜಲ್ಲಿ ಹೊರುತ್ತಿದ್ದ ಹೆಂಗಸು ಪುಟ್ಟಿ ಇಳಿಸಿ, "ಯಪ್ಪಾ, ಸಣ್ಣ ಸಾಬ್ರು ನಮ್ಮ ಮಂದೀನs!" ಎಂದಳು. ಕೃಷ್ಣಾ ನದಿಯ ಈಚೆ ದಂಡೆಯ ಊರಿನವಳು, ಮನೆಯಲ್ಲಿ ಕನ್ನಡ. ಹೆಸರು ಹುಸೇನಮ್ಮ. ಎಂಟು ತಿಂಗಳ ಕೂಸನ್ನು ಶೆಡ್ಡಿನ ನೆರಳಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದಳು. ಆಮೇಲೆ ದಿನಾಲೂ ಹಾದುಹೋಗುವಾಗ ಏನಾದರೊಂದು ಕೇಳುತ್ತಿದ್ದಳು. ಸಾಬ್ರ ಊಟ ಆತೇನ್ರಿ, ಸಾಬ್ರ ಲಗ್ನ ಯಾವಾಗ್ರಿ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೂರನೇ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವಾಗ, ಕೂಲಿಯವರು ಹತ್ತಿಳಿಯಲು ಕಟ್ಟಿದ್ದ ಬೊಂಬಿನ ಅಟ್ಟಣಿಗೆ ಒಂದು ಕಡೆ ಬಿಚ್ಚಿಕೊಂಡಿತು. ಸಾಲಿನಲ್ಲಿ ತುದಿಗಿದ್ದವಳು ಹುಸೇನಮ್ಮ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದಳು.

ಇಷ್ಟನ್ನೇ ಅವರು ಆಗ ಹೇಳಿದ್ದು.

ನಾನು ಕಲಂ ಬರೆದೆ. ನಿಜ ಹೇಳಬೇಕೆಂದರೆ ಅದು ಉಳಿಯುತ್ತದೆಂದು ನಂಬಿಯೇನೂ ಬರೆಯಲಿಲ್ಲ. ಗೆಳೆಯರ ಮಾತಿಗೆ ಬರೆದೆ. 'ಸರಕಾರಿ ಕಟ್ಟಡವೊಂದರ ನಿರ್ಮಾಣದ ವೇಳೆ ಮೃತಪಟ್ಟ ಪ್ರತಿಯೊಬ್ಬ ಕಾರ್ಮಿಕರ ಹೆಸರನ್ನು ಆ ಕಟ್ಟಡದ ಮುಂಭಾಗದಲ್ಲಿ ಕೆತ್ತಿಸತಕ್ಕದ್ದು.' ಕಲಂ ಒಂಬತ್ತು. ಮಸೂದೆ ಸದನಕ್ಕೆ ಹೋದಾಗ ಜಗಳವೆಲ್ಲ ಕಲಂ ನಾಲ್ಕರ ಮೇಲೆ. ಯಾವ ಸಮುದಾಯದ ನಾಯಕರದು ಎಷ್ಟು, ಯಾವ ಜಿಲ್ಲೆಗೆ ಎಷ್ಟು ಎಂದು ಎರಡು ದಿನ ಕೂಗಾಡಿದರು. ಒಂಬತ್ತರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಸತ್ತ ಕೂಲಿಯವರಿಗೆ ಬೇಡವೆನ್ನುವವರೂ ಇರಲಿಲ್ಲ, ಬೇಕೆನ್ನುವವರೂ ಇರಲಿಲ್ಲ. ಹಾಗಾಗಿ ಅದು ಉಳಿಯಿತು. ಕಾನೂನಾಯಿತು.

ಆವತ್ತು ಅಮರೇಶಪ್ಪನವರು ಉಪ್ಪಲ್‌ನಿಂದ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ಶಿವದೇವಿಯವರು ಶೇಂಗಾದ ಹೋಳಿಗೆ ಕಳಿಸಿದ್ದರು. ಮೆಟ್ರೋದೊಳಗೆ ತಿನ್ನಬಾರದೆಂದು ಅಮೀರ್‌ಪೇಟೆಯಲ್ಲಿಳಿದು ಮೆಟ್ಟಿಲ ಕೆಳಗೆ ನಿಂತು ತಿಂದೆವು. ಅವರಿಗೆ ನಗಲು ಬರುತ್ತದೆಂಬುದನ್ನು ನಾನು ನೋಡಿದ್ದು ಆವತ್ತೇ.

ಕಾನೂನಾದ ಮೇಲೆ ನಿಯಮ ಬರೆಯಬೇಕು. ಯಾರು ಅರ್ಜಿ ಹಾಕಬೇಕು, ಯಾವ ದಾಖಲೆ ಬೇಕು, ಯಾವ ಸಮಿತಿ ನೋಡಬೇಕು ಎಂಬ ವಿವರ. ನನಗೆ ಕೊಟ್ಟದ್ದು ಐದು ದಿನ. ಅದರಲ್ಲಿ ಎರಡು ದಿನ ರಜೆ. ನಾವು ಇಂಥದ್ದನ್ನು ಪೂರ್ತಿ ಹೊಸದಾಗಿ ಬರೆಯುವುದಿಲ್ಲ. ಹಳೆಯ ನಿಯಮಗಳಿಂದ ಹೊಂದುವ ವಾಕ್ಯಗಳನ್ನು ತೆಗೆದು ಕೂಡಿಸುತ್ತೇವೆ. ಕೂಲಿಕಾರರ ಪರಿಹಾರದ ಯಾವುದೋ ಹಳೆಯ ಆದೇಶದಿಂದ ನಾನು ಒಂದು ಸಾಲು ತೆಗೆದುಕೊಂಡೆ: 'ಸ್ವಂತ ಅಜಾಗರೂಕತೆಯಿಂದ ಮೃತಪಟ್ಟವರನ್ನು ಹೊರತುಪಡಿಸಿ.' ಅದನ್ನು ಕೂಡಿಸುವಾಗ ನನಗೆ ಏನೂ ಅನ್ನಿಸಲಿಲ್ಲ. ಅಂಥ ಕಡೆ ಅಂಥ ಸಾಲು ಇರುತ್ತದೆ, ಅಷ್ಟೆ. ಮೇಲಿನವರು ಓದಿ ಸಹಿ ಹಾಕಿದರು.

ಅಷ್ಟರಲ್ಲಿ ಅಮರೇಶಪ್ಪನವರು ನಿವೃತ್ತರಾದರು. ಶಾಲು ಹೊದಿಸಿದ ಮರುವಾರವೇ ರೈಲು ಹತ್ತಿ ಕೃಷ್ಣಾ ಸ್ಟೇಷನ್ನಿನಲ್ಲಿಳಿದರು. ಅರ್ಜಿಯನ್ನು ಸತ್ತವರ ಮನೆಯವರೇ ಹಾಕಬೇಕಿತ್ತು. ಊರಿನ ಹೆಸರು ಅವರಿಗೆ ಸರಿಯಾಗಿ ನೆನಪಿರಲಿಲ್ಲ, ಹೊಳೆ ದಂಡೆ ಎಂಬುದೊಂದೇ ಗೊತ್ತು. ನಾಲ್ಕು ಸಲ ಹೋದರು. ನಾಲ್ಕನೇ ಸಲ ಒಂದು ಊರಲ್ಲಿ ಬೀಡಿ ಸೇದುತ್ತ ಕೂತಿದ್ದ ಮುದುಕಿ, "ಅಟ್ಟಣಿಗಿ ಮ್ಯಾಲಿಂದ ಬಿದ್ದು ಸತ್ತ ಹುಸೇನಿನs? ಆಕಿ ಮಗಳು ಪಟ್ನಂದಾಗ ಅದಾಳಲ್ಲ, ಬಾಲಾನಗರದಾಗ" ಎಂದಳಂತೆ. ಮೂವತ್ತಾರು ವರ್ಷದ ಹಿಂದಿನ ಆ ಕೂಸು ಹೈದರಾಬಾದಿನಲ್ಲೇ, ಅವರ ಮನೆಯಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲೇ ಇತ್ತು.

ಆಕೆಯ ಹೆಸರು ಮೊಗುಲಮ್ಮ. ಬಾಲಾನಗರದ ಒಂದು ಲೇತ್ ಶೆಡ್ಡಿನಲ್ಲಿ ಕಬ್ಬಿಣದ ಸುರುಳಿ ಚೂರುಗಳನ್ನು ಗುಡಿಸಿ ಚೀಲಕ್ಕೆ ತುಂಬುವ ಕೆಲಸ. ಎರಡನೇ ಸಲ ನನ್ನನ್ನೂ ಕರೆದೊಯ್ದರು. ಗಟ್ಟಿ ಮೈಯ, ನೇರ ನೋಟದ ಹೆಂಗಸು. ಅಂಗೈ ತುಂಬ ಸಣ್ಣ ಸಣ್ಣ ಗೀರುಗಳು. ಕನ್ನಡ ಮಾತಾಡುವಾಗ ಒಂದೊಂದು ಪದಕ್ಕೂ ತಡವರಿಸುತ್ತಿದ್ದಳು.

"ಅಜ್ಜಿ ಇರೋತನಕ ಈ ಮಾತು ಇತ್ರಿ ಮನ್ಯಾಗ. ಈಗ ಎಲ್ಲಾ ತೆಲುಗೇ. ಅವ್ವನ ಹೆಸರು ಕಲ್ಲಿನ ಮ್ಯಾಲ ಬರೀತಾರಂತ್ರಿ? ಯಾಕ್ರಿ?"

"ಕಾಯ್ದೆ ಆಗೇತವ್ವ" ಎಂದರು ಅಮರೇಶಪ್ಪನವರು.

"ಅವ್ವಗ ಒಂದು ಫೋಟೋ ಸುದ್ದಾ ಇಲ್ಲ."

"ಬ್ಯಾಡ. ಹೆಸರಿದ್ರ ಸಾಕು."

ಆ ಹೆಸರೇ ಮೊದಲ ತೊಡಕಾಯಿತು. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರಿನಲ್ಲಿ 'ಹುಸೇನಮ್ಮ' ಎಂದು ಹೊಡೆದು ಅಲ್ಪಸಂಖ್ಯಾತರ ಕಾಲಂಗೆ ಹಾಕಿದಳು. ಮಗಳ ಹೆಸರು ಮೊಗುಲಮ್ಮ ಎಂದು ಕಂಡಾಗ ತನ್ನ ಊಹೆ ಖಾತ್ರಿಯಾಯಿತೆಂದುಕೊಂಡಳು. ಅಲ್ಲವ್ವ, ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹುಟ್ಟಿದ್ದಕ್ಕೆ ಆ ಹೆಸರು, ನಮ್ಮ ಕಡೆ ಮನೆಗೊಬ್ಬರು ಹೀಗಿರುತ್ತಾರೆ ಎಂದು ಅಮರೇಶಪ್ಪನವರು ತೆಲುಗಿನಲ್ಲಿ ತಿಳಿಸಿ ಹೇಳಿದರು. ಆಕೆ ತಿದ್ದಿದಳು. ಆದರೆ ತಿದ್ದಿದ್ದಕ್ಕೆ ಜಾತಿ ಪ್ರಮಾಣಪತ್ರ ಬೇಕೆಂದಿತು ಕಂಪ್ಯೂಟರು. ಸತ್ತವಳ ಜಾತಿ ಪ್ರಮಾಣಪತ್ರಕ್ಕೆ ಮೊಗುಲಮ್ಮ ಮೂರು ದಿನದ ಕೆಲಸ ಬಿಟ್ಟು ಊರಿಗೆ ಹೋಗಿಬಂದಳು.

ಇನ್ನೊಂದು ದಾಖಲೆ ಉಳಿದಿತ್ತು. ಆಕೆ ಆ ಕಟ್ಟಡದ ಕೆಲಸದಲ್ಲೇ ಸತ್ತದ್ದು ಎಂಬುದಕ್ಕೆ ಸರಕಾರಿ ಪುರಾವೆ.

ಒಂದು ಶನಿವಾರ ಬೆಳಿಗ್ಗೆ ಅಮರೇಶಪ್ಪನವರು ತಾರ್ನಾಕಾದ ನಮ್ಮ ಮನೆಗೇ ಬಂದರು. ಕೂಡ್ರಿ ಎಂದರೂ ಕೂಡಲಿಲ್ಲ. ಕೈಚೀಲದಿಂದ ಒಂದು ಜೆರಾಕ್ಸ್ ತೆಗೆದು ಕೊಟ್ಟರು. ಹಳೆಯ ಕಡತದ ಪ್ರತಿ, ಮಾಹಿತಿ ಹಕ್ಕಿನಲ್ಲಿ ತೆಗೆಸಿದ್ದು. ಯಾವ ಕೋಣೆಯ ಯಾವ ಕಪಾಟಿನಲ್ಲಿ ಕೇಳಬೇಕೆಂದು ಅವರೇ ಅರ್ಜಿಯಲ್ಲಿ ಬರೆದುಕೊಟ್ಟಿದ್ದರು.

ಇಂಗ್ಲಿಷಿನಲ್ಲಿ ಒಂದೇ ಪುಟ. ಕೂಲಿ ಹೆಣ್ಣಾಳು ಹುಸೇನಮ್ಮ, ವಯಸ್ಸು ಸುಮಾರು ಇಪ್ಪತ್ತೆರಡು, ಮೇಸ್ತ್ರಿ ಬೇಡವೆಂದರೂ ಅಟ್ಟಣಿಗೆಯ ಅಂಚಿನಲ್ಲಿ ನಡೆದು, ಸ್ವಂತ ಅಜಾಗರೂಕತೆಯಿಂದ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾಳೆ. ಅಟ್ಟಣಿಗೆ ಸುಸ್ಥಿತಿಯಲ್ಲಿತ್ತು.

ಅಕ್ಷರಗಳು ಅಚ್ಚು ಹೊಡೆದ ಹಾಗಿದ್ದವು. ಅಂಥ ಅಕ್ಷರ ನನಗೆ ಪರಿಚಯವಿದ್ದದ್ದು ಒಬ್ಬರದೇ.

"ಗುರುತು ಹತ್ತಿತೇನ್ರಿ?" ಎಂದರು.

ನಾನು ತಲೆಯಾಡಿಸಿದೆ.

"ಬೊಂಬಿನ ಹಗ್ಗ ಕೊಳತಾವ ಅಂತ ಎರಡು ದಿನ ಮೊದಲs ನಾನು ನೋಡಿದ್ದೆ. ದೊಡ್ಡ ಸಾಹೇಬ್ರಿಗೆ ಹೇಳಿದೆ. ಸ್ಲ್ಯಾಬ್ ಆಗ್ಲಿ, ಆಮ್ಯಾಲ ನೋಡೋಣ ಅಂದ್ರು. ಆಕಿ ಸತ್ತ ಮ್ಯಾಲ ಅವರs ಇದನ್ನ ಬಾಯಿಲೆ ಹೇಳಿದ್ರು, ನಾನು ಬರದೆ. ನಿನ್ನ ಅಕ್ಷರ ಛಲೋ ಅದಾವು ಅಂದ್ರು. ನಂದು ಪ್ರೊಬೇಷನ್. ಮನ್ಯಾಗ ಅಪ್ಪ ಹಾಸಿಗಿ ಹಿಡದಿದ್ದ. ಬರದೆ, ಪ್ರಾಣೇಶರಾವ್. ಅರ್ಧ ತಾಸು ಸುದ್ದಾ ಹಿಡೀಲಿಲ್ಲ."

ನಾನು ಆ ಪುಟವನ್ನು ಮತ್ತೊಮ್ಮೆ ಓದಿದೆ. ಅವರ ತಪ್ಪು ಹುಡುಕಲಿಕ್ಕಲ್ಲ. 'ಸ್ವಂತ ಅಜಾಗರೂಕತೆ' ಎಂಬ ಆ ಎರಡು ಶಬ್ದ ನನ್ನ ನಿಯಮದಲ್ಲೂ ಇದ್ದವು. ಅವಳು ಅಲ್ಲಿ ಸತ್ತಳೆಂದು ಹೇಳುವ ಕಾಗದ ಈ ಲೋಕದಲ್ಲಿ ಇದೊಂದೇ, ಮತ್ತು ಆ ಕಾಗದವೇ ಅವಳನ್ನು ಹೊರಗಿಡುತ್ತಿತ್ತು. ಇದನ್ನು ನಾನು ಅವರಿಗೆ ಹೇಳಬೇಕಾಯಿತು. ಆ ಸಾಲನ್ನು ಕೂಡಿಸಿದವನು ನಾನೇ ಎಂದೂ ಹೇಳಬೇಕಾಯಿತು.

ಅವರು ಆಗ ಕುರ್ಚಿಯಲ್ಲಿ ಕೂತರು. "ನೀವು ಬೇಕಂತ ಮಾಡಿದ್ದಲ್ಲ ಬಿಡ್ರಿ" ಎಂದರು. ಅದರಿಂದ ನನಗೆ, ಬೈದಿದ್ದರೂ ಆಗದಷ್ಟು ನೋವಾಯಿತು.

ನಾನು ಮಾಡಬಹುದಾದದ್ದು ಒಂದಿತ್ತು. ಆ ಸಾಲನ್ನು ತೆಗೆಯಬೇಕೆಂದು ಟಿಪ್ಪಣಿ ಬರೆದು ಮೇಲೆ ಕಳಿಸಿದೆ. ಮೂರು ವಾರದ ಮೇಲೆ ವಾಪಸು ಬಂತು. 'ಮುಂದೆ ನಿಯಮಗಳ ಸಮಗ್ರ ಪರಿಷ್ಕರಣೆಯ ವೇಳೆ ಪರಿಗಣಿಸಬಹುದು.' ಇನ್ನೊಮ್ಮೆ ಬರೆದೆ. ಎರಡನೇ ಸಲ ಬರೀ ಸಹಿ ಹಾಕಿ ಮರಳಿಸಿದರು.

ಅವರು ಮಾಡಬಹುದಾದದ್ದೂ ಒಂದಿತ್ತು. ಆ ವರದಿ ಸುಳ್ಳೆಂದು, ಬರೆದವನು ತಾನೇ ಎಂದು ಆಣೆ ಮಾಡಿದ ಪ್ರಮಾಣಪತ್ರ ಕೊಡುವುದು. ಅದರ ಅಪಾಯವನ್ನು ನಾನು ಬಿಡಿಸಿ ಹೇಳಿದೆ. ಸುಳ್ಳು ದಾಖಲೆ ಮಾಡಿದೆನೆಂದು ಒಪ್ಪಿಕೊಂಡ ಹಾಗಾಗುತ್ತದೆ, ಕೇಸು ಹಾಕಬಹುದು, ಪಿಂಚಣಿ ತಡೆಯಬಹುದು. ಅವರು ಮನೆಗೆ ಹೋಗಿ ಶಿವದೇವಿಯವರಿಗೆ ಎಲ್ಲವನ್ನೂ ಹೇಳಿದರು. ಆಕೆ ಎರಡು ದಿನ ಮಾತು ಬಿಟ್ಟರಂತೆ. ಪಿಂಚಣಿಯ ಚಿಂತೆಗಲ್ಲ.

"ಮೂವತ್ನಾಕು ವರ್ಷ ಸಂಸಾರ ಮಾಡೀನಿ ಇವರ ಕೂಡ" ಎಂದು ಶಿವದೇವಿಯವರು ಆಮೇಲೆ ನನ್ನೆದುರೇ ಹೇಳಿದರು. "ಉಪ್ಪು ಹೆಚ್ಚಾದ್ರ ಹೇಳ್ತಾರ, ಅಂಗಿ ಗುಂಡಿ ಹರದ್ರ ಹೇಳ್ತಾರ. ಇದನ್ನ ಹೇಳಲಿಲ್ಲ ನೋಡ್ರಿ." ಆಮೇಲೆ ಗಂಡನ ಕಡೆ ನೋಡದೆ, "ಕೊಡ್ಲಿ. ಏನಾಗ್ತೈತೋ ಆಗ್ಲಿ" ಎಂದರು.

ಪ್ರಮಾಣಪತ್ರ ಕೊಡುವ ಮೊದಲು ಹುಸೇನಮ್ಮನ ಮಗಳಿಗೆ ಗೊತ್ತಾಗಬೇಕು ಎಂದು ಅಮರೇಶಪ್ಪನವರು ಹಟ ಹಿಡಿದರು. ನಾವಿಬ್ಬರೂ ಬಾಲಾನಗರಕ್ಕೆ ಹೋದೆವು. ಶೆಡ್ಡಿನ ಹೊರಗೆ ನೀರಿನ ಡ್ರಮ್ಮಿನ ಪಕ್ಕದಲ್ಲಿ ನಿಂತು ಅವರು ಹೇಳಿದರು. ಒಳಗೆ ಯಂತ್ರಗಳ ಕಿರುಚಾಟ. ಎರಡು ಸಲ ಹೇಳಬೇಕಾಯಿತು.

"ನೀವ ಬರದದ್ದೇನ್ರಿ?"

"ಹೌದವ್ವ."

"ಅವ್ವನ ತಪ್ಪು ಇರಲಿಲ್ಲೇನು ಮತ್ತ?"

"ಇರಲಿಲ್ಲ. ಹಗ್ಗ ಕೊಳತಿತ್ತು."

ಮೊಗುಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಳಲಿಲ್ಲ.

"ನಮ್ಮಪ್ಪ ಸಾಯೋತನಕ ಆಕಿನ್ನ ಬೈದಾನ್ರಿ. ಕುಡದಾಗೊಮ್ಮೆ ಬೈತಿದ್ದ. ನೋಡಿ ನಡ್ಯಾಕ ಬರ್ತಿರಲಿಲ್ಲೇನು ಇಕಿಗೆ, ಕೂಸಿನ್ನ ಬಿಟ್ಟು ಹೋದ್ಳು, ದಿಮಾಕಿನಾಕಿ ಅಂತ. ಸಾಹೇಬ್ರು ಓದಿ ಹೇಳ್ಯಾರ, ಕಾಗದದಾಗ ಬರದೈತಿ ಅಂತಿದ್ದ." ಡ್ರಮ್ಮಿನಿಂದ ನೀರು ತೆಗೆದು ಕೈ ತೊಳೆಯುತ್ತ, "ನಾನೂ ಹಂಗs ತಿಳಕೊಂಡಿದ್ದೆ" ಎಂದಳು.

ಅಮರೇಶಪ್ಪನವರು ಕೈ ಮುಗಿದರು. ಆಕೆ ಅದನ್ನು ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಒಳಗಿನಿಂದ ಯಾರೋ ಕರೆದರು. ಹೋಗುವಾಗ ತಿರುಗಿ, "ಎಲ್ಲಿ ಹೆಬ್ಬಟ್ಟು ಒತ್ತಬೇಕು ಹೇಳ್ರಿ, ಬರ್ತೀನಿ" ಎಂದಳು.

ಸಮಿತಿಯ ಮುಂದೆ ವಿಚಾರಣೆ ಆದದ್ದು ಹನ್ನೊಂದು ನಿಮಿಷ. ಐದು ಜನ ಸದಸ್ಯರು. ಅಮರೇಶಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಬರುವ ಮುನ್ನ ಬ್ಯಾಂಕ್ ಪುಸ್ತಕ ಎಲ್ಲಿದೆ, ಮನೆ ಪತ್ರ ಎಲ್ಲಿದೆ ಎಂದು ಶರ್ವರಿಗೆ ತೋರಿಸಿ ಬಂದಿದ್ದರಂತೆ. ಅವರು ಸಿದ್ಧರಾಗಿದ್ದರು. ಒಂದು ರೀತಿ ಶಿಕ್ಷೆಗೆ ಕಾಯುತ್ತಿದ್ದರು ಎಂದೇ ನನಗೆ ಅನ್ನಿಸಿತು.

ಅಧ್ಯಕ್ಷರು ವರದಿ ನೋಡಿದರು, ಪ್ರಮಾಣಪತ್ರ ನೋಡಿದರು. ಎರಡನ್ನೂ ಬರೆದವರು ಒಬ್ಬರೇ. ಮೊದಲು ಹೇಳಿದ್ದನ್ನು ನಂಬಬೇಕೋ, ಈಗ ಹೇಳುತ್ತಿರುವುದನ್ನೋ ಎಂದು ಕೇಳಿದರು. ಈಗಿನದನ್ನು ಎಂದರು ಅಮರೇಶಪ್ಪನವರು. ಬೇರೆ ಸಾಕ್ಷಿ ಇದೆಯೇ? ದೊಡ್ಡ ಸಾಹೇಬರು ತೀರಿಕೊಂಡು ಹದಿನೈದು ವರ್ಷವಾಗಿತ್ತು. ಗುತ್ತೇದಾರರ ಕಂಪನಿ ಮುಚ್ಚಿತ್ತು. ಮೇಸ್ತ್ರಿ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

"ಹಾಗಾದರೆ ನನ್ನ ಮೇಲೆ ಕ್ರಮ ತೆಗೆದುಕೊಳ್ಳಿ" ಎಂದು ಅಮರೇಶಪ್ಪನವರು ತೆಲುಗಿನಲ್ಲಿ ಹೇಳಿದರು. ಧ್ವನಿ ಸ್ವಲ್ಪ ಏರಿತ್ತು. "ಸುಳ್ಳು ಬರೆದವನು ನಾನು. ಶಿಕ್ಷೆ ಕೊಟ್ಟರೆ ಅದೇ ಪುರಾವೆಯಾಗುತ್ತದೆ."

ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ನಕ್ಕರು. ಯಾವ ಕಾಲದ ಮಾತು ದೊಡ್ಡವರೇ, ಈ ವಯಸ್ಸಿನಲ್ಲಿ ನಿಮಗ್ಯಾಕೆ ತ್ರಾಸು, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಮುಂದಿನ ಅರ್ಜಿಯವರನ್ನು ಕರೆದರು.

ಹೊರಗೆ ಬಂದು ಅಮರೇಶಪ್ಪನವರು ವರಾಂಡದ ಗೋಡೆಗೆ ಕೈಯೂರಿ ನಿಂತರು. "ಬೈಲೂ ಇಲ್ಲಲ್ರಿ" ಎಂದರು. "ಒಂದು ಮಾತು ಬೈಲಿಲ್ಲ."

ತಿಂಗಳ ಮೇಲೆ ಆದೇಶ ಬಂತು. ದಾಖಲೆಗಳು ಪರಸ್ಪರ ವಿರುದ್ಧವಾಗಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಮೇಲ್ಮನವಿಗೆ ನನ್ನ ನಿಯಮದಲ್ಲಿ ಅವಕಾಶವಿರಲಿಲ್ಲ. ಐದು ದಿನದಲ್ಲಿ ಬರೆದದ್ದು, ಅದು ಬಿಟ್ಟುಹೋಗಿತ್ತು. ಒಬ್ಬ ವಕೀಲರನ್ನು ಕೇಳಿದೆವು. ಹೈಕೋರ್ಟಿಗೆ ಹೋಗಬಹುದು, ವರ್ಷಗಳು ಹಿಡಿಯುತ್ತವೆ, ಕಾಗದ ನಿಮ್ಮ ವಿರುದ್ಧವೇ ಇದೆ ಎಂದರು. ಮೊಗುಲಮ್ಮ ಬೇಡವೆಂದಳು. ಒಮ್ಮೆ ಕಟಕಟೆಗೆ ಹೋದರೆ ದಿನಗೂಲಿ ಯಾರು ಕೊಡುತ್ತಾರೆ ಎಂಬುದು ಆಕೆಯ ಪ್ರಶ್ನೆ.

ನನಗೆ ಗೊತ್ತಿರುವ ಮಟ್ಟಿಗೆ ಕಲಂ ಒಂಬತ್ತರ ಅಡಿಯಲ್ಲಿ ಇಲ್ಲಿಯವರೆಗೆ ಬಂದದ್ದು ಇಪ್ಪತ್ತಾರು ಅರ್ಜಿ. ಇಪ್ಪತ್ತೆರಡರಲ್ಲಿ ಹಳೆಯ ವರದಿ ಹೇಳುವುದು ಅದೇ ಮಾತು, ಸ್ವಂತ ಅಜಾಗರೂಕತೆ. ಉಳಿದ ನಾಲ್ಕಕ್ಕೆ ವರದಿಯೇ ಇಲ್ಲ. ಒಂದು ಹೆಸರೂ ಯಾವ ಗೋಡೆಯ ಮೇಲೂ ಬಂದಿಲ್ಲ.

ಆದರೆ ಕಾನೂನು ಜಾರಿಯಾಗಿಲ್ಲವೆಂದು ಹೇಳುವ ಹಾಗಿಲ್ಲ. ಕಲಂ ನಾಲ್ಕರ ಪ್ರಕಾರ ಕಟ್ಟಡಗಳಿಗೆ ಪ್ರತಿಮೆಗಳನ್ನು ಹಂಚಿದಾಗ, ಸಿಕಂದರಾಬಾದಿನ ಆ ಕಚೇರಿಗೆ 'ಶ್ರಮಜೀವಿ ಮಹಿಳೆ' ಬಂದಳು. ತಲೆಯ ಮೇಲೆ ಪುಟ್ಟಿ ಹೊತ್ತ ಹೆಂಗಸು, ಆರೂವರೆ ಅಡಿ, ಕಂಚಿನ ಬಣ್ಣ ಬಳಿದ ಫೈಬರ್. ಅನಾವರಣ ಕಳೆದು ಒಂದು ವಾರವಾದ ಮೇಲೆ ಮೊಗುಲಮ್ಮ ಫೋನ್ ಮಾಡಿದಳು. ಯಾರೋ ಹೇಳಿದರಂತೆ, ಪುಟ್ಟಿ ಹೊತ್ತ ಹೆಣ್ಣುಮಗಳ ಮೂರ್ತಿ ಕೂಡಿಸಿದ್ದಾರೆಂದು. ನೋಡಬೇಕು ಎಂದಳು.

ಮೂವರೂ ಹೋದೆವು. ಮಧ್ಯಾಹ್ನ. ಆಕೆ ಹಳದಿ ಸೀರೆ ಉಟ್ಟು ಬಂದಿದ್ದಳು. ಪ್ರತಿಮೆಯ ಸುತ್ತ ಒಂದು ಸುತ್ತು ಬಂದು, ಕತ್ತೆತ್ತಿ ಮುಖ ನೋಡಿದಳು.

"ಅವ್ವ ಕುಳ್ಳಿ ಇದ್ಳಂತ ಅಜ್ಜಿ ಹೇಳ್ತಿದ್ಳು. ಇಕಿ ಭಾಳ ಎತ್ತರ."

"ಆಕಿ ಅಲ್ಲವ್ವ ಇದು" ಎಂದರು ಅಮರೇಶಪ್ಪನವರು. "ಯಾರೂ ಅಲ್ಲ. ಹಂಗs ಮಾಡ್ಯಾರ."

"ಗೊತ್ತೈತ್ರಿ." ಆಕೆ ಅವರ ಕಡೆ ತಿರುಗಿದಳು. "ಅವ್ವನ್ನ ನೋಡಿದವ್ರು ಈಗ ನೀವೊಬ್ರs ಉಳದೀರಿ. ಹೆಂಗಿದ್ಳು ಹೇಳ್ರಿ. ಮಾರಿ ನನ್ನಂಗಿತ್ತೇನು?"

ಅವರು ಆಕೆಯ ಮುಖವನ್ನೇ ನೋಡಿದರು. ನೆನಪಿಸಿಕೊಳ್ಳಲು ಮಾಡುತ್ತಿದ್ದ ಪ್ರಯತ್ನ ನನಗೆ ಕಾಣುತ್ತಿತ್ತು. ಹೌದು ಎಂದುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಮಾರಿ ನೆನಪಿಲ್ಲವ್ವ" ಎಂದರು ಕೊನೆಗೆ. "ದನಿ ನೆನಪೈತಿ. ನಗೋದು ನೆನಪೈತಿ. ಮಾರಿ ಹೋಗೇತಿ. ಎಷ್ಟು ನೆನಸಿದ್ರೂ ಬರವಲ್ದು."

"ನನಗೂ ಇಲ್ಲ ಬಿಡ್ರಿ" ಎಂದಳು ಮೊಗುಲಮ್ಮ.

ಆಮೇಲೆ ಸೆರಗು ಸರಿ ಮಾಡಿಕೊಂಡು ಪ್ರತಿಮೆಯ ಪಕ್ಕ ನಿಂತು, ತನ್ನ ಫೋನ್ ನನ್ನ ಕೈಗೆ ಕೊಟ್ಟಳು. ಗೇಟಿನ ಪಹರೆಯವನು ಓಡಿಬಂದು ಸರಕಾರಿ ಆವರಣದಲ್ಲಿ ಫೋಟೋ ತೆಗೆಯಬಾರದೆಂದ. ನಾನು ನನ್ನ ಗುರುತಿನ ಚೀಟಿ ತೋರಿಸಿದೆ. ಸಲಾಂ ಹೊಡೆದು ಹೋದ. ಇಷ್ಟೆಲ್ಲದರಲ್ಲಿ ನನ್ನ ನೌಕರಿಯಿಂದ ಅವಳಿಗಾದ ಉಪಯೋಗ ಅಷ್ಟೇ. ಬಿಸಿಲು ಹಿಂದಿನಿಂದ ಬೀಳುತ್ತಿದ್ದರಿಂದ ಚಿತ್ರದಲ್ಲಿ ಇಬ್ಬರೂ ಕಪ್ಪಗೆ ಬಂದರು. ಆಕೆ ನೋಡಿ, ಇರಲಿ ಎಂದು ಫೋನನ್ನು ಚೀಲದೊಳಗಿಟ್ಟಳು. ಎರಡನೇ ಪಾಳಿಗೆ ಹೊತ್ತಾಯಿತೆಂದು ಬಾಲಾನಗರದ ಬಸ್ಸು ಹಿಡಿಯಲು ರಸ್ತೆ ದಾಟಿದಳು.

ನಾವು ಮೆಟ್ರೋ ಕಡೆಗೆ ನಡೆದೆವು. ತಾರ್ನಾಕಾ ಬಂದಾಗ ನಾನು ಇಳಿದೆ. ಬಾಗಿಲು ಮುಚ್ಚುವ ಮೊದಲು ಅಮರೇಶಪ್ಪನವರು, "ಮಾರಿ ನೆನಪಾದ್ರ ಆಕಿಗೆ ಫೋನ್ ಮಾಡ್ತೀನ್ರಿ" ಎಂದರು.